ಗಟ್ಟಿಪಿಂಡದ ಮೆಡಿಕಲ್ ಬೋರ್ಡ್

ಆ ರೆಜಿಮೆಂಟಿನಲ್ಲಿ ಅವನ ನಿಜವಾದ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳಿಬರುತ್ತಿತ್ತು. ಉಳಿದಂತೆ ಎಲ್ಲರಿಗೂ ಅವನು ಗಟ್ಟಿಪಿಂಡ. ಟ್ರಕ್ಕಿನ ಡ್ರೈವರ್, ಜ್ವರದಲ್ಲಿ ಮೈ ಸುಡುತ್ತಿದ್ದರೂ ಸ್ಟಿಯರಿಂಗ್ ಹಿಡಿದವನು. ಮೈ ಹುಷಾರಿಲ್ಲ ಎಂದವರನ್ನು ಅಲ್ಲಿ ಕೆಲಸಗಳ್ಳ ಎಂದು ಆಡಿಕೊಳ್ಳುತ್ತಿದ್ದರು. ಆ ಮಾತು ತನ್ನ ಮೇಲೆ ಬರಬಾರದೆಂಬ ಹಟ ಇವನಿಗೆ. ಹಟವೋ ಹುಂಬತನವೋ, ನೀವೇ ಹೇಳಿ.

ಹಿಂದಿನ ಚಳಿಗಾಲದಲ್ಲಿ ಸಾಮಾನು ಇಳಿಸುವಾಗ ಟ್ರಕ್ಕಿನ ಮೇಲಿಂದ ಜಾರಿ ಬೆನ್ನಡಿಯಾಗಿ ಬಿದ್ದ. ಎದ್ದು ಮಣ್ಣು ಕೊಡವಿ, ಏನೂ ಆಗಿಲ್ಲ ಎಂದು ನಕ್ಕು ಮತ್ತೆ ಗಾಡಿ ಹತ್ತಿದ. ಆಗಿತ್ತು. ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಾಗದವನನ್ನು ಸಂಗಡಿಗರು ಆಸ್ಪತ್ರೆಗೆ ಹೊತ್ತುಕೊಂಡು ಹೋದ ಮೇಲೆಯೇ ಬೆನ್ನುಮೂಳೆಯಲ್ಲಿ ನರ ಒತ್ತುತ್ತಿರುವುದು ತಿಳಿದದ್ದು. ಮೊದಲು ಹಗುರ ಕೆಲಸಕ್ಕೆ ಹಾಕಿದರು. ಆಮೇಲೆ, ಕೂತು ಮಾಡುವ ಕೆಲಸ ನಮ್ಮಲ್ಲಿಲ್ಲ ಎಂದು ಕಮಾಂಡರ್ ಬರೆದರು. ಅಲ್ಲಿಗೆ ಮನೆಗೆ ಹೋಗುವುದು ಖಚಿತವಾಯಿತು. ಹೇಗೆ ಹೋಗಬೇಕು ಎಂಬುದನ್ನು ಮಾತ್ರ ಮೂವರು ವೈದ್ಯರ ಮೆಡಿಕಲ್ ಬೋರ್ಡ್ ಹೇಳಬೇಕಿತ್ತು. ಪೆಟ್ಟು ಸೇವೆಯಲ್ಲಿ ಆದದ್ದು, ದೊಡ್ಡದು ಎಂದು ಅವರು ಬರೆದರೆ ಪಿಂಚಣಿ, ಬದುಕಿರುವವರೆಗೆ ಸೇನೆಯ ಆಸ್ಪತ್ರೆಯಲ್ಲಿ ಚಿಕಿತ್ಸೆ. ಅಷ್ಟೇನಿಲ್ಲ ಎಂದು ಬರೆದರೆ ಅವನ ಬೆನ್ನು ಅವನ ಪಾಡು.

ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇವೆಂದು ಇಬ್ಬರು ಸಂಗಡಿಗರು ಆಗಲೇ ಹೇಳಿಕೆ ಕೊಟ್ಟಿದ್ದರು. ನೋವು ಎಷ್ಟೆಂಬುದನ್ನು ಅವನೇ ಬಾಯಿಬಿಟ್ಟು ಹೇಳಬೇಕು. ಅವನ ಹೆಂಡತಿಗೆ ಭಯವಿದ್ದದ್ದೇ ಅಲ್ಲಿ. ಬೋರ್ಡಿನ ಹಿಂದಿನ ದಿನ ಅಡುಗೆಮನೆಯ ಸ್ಟೂಲಿನ ಮೇಲೆ ತಾನೇ ಡಾಕ್ಟರಾಗಿ ಕೂತು, ಬೆನ್ನು ಹೇಗಿದೆ ಎಂದು ಕೇಳಿ ನೋಡಿದಳು. ಪರವಾಗಿಲ್ಲ ಸರ್ ಎಂದ. ಕಟ್ಟಿಕೊಂಡ ಹೆಂಡತಿಗೆ ಸರ್! ಅವಳು ಹಣೆ ಚಚ್ಚಿಕೊಂಡಳು.

"ಮಗು ಅಳದೆ ತಾಯೀನೂ ಹಾಲು ಕೊಡಲ್ಲ ಕಣ್ರೀ. ನಾಳೆ ಒಂದಿನ ಗಟ್ಟಿಪಿಂಡ ಆಗ್ಬೇಡಿ. ನೋವಿದ್ರೆ ನೋವು ಅನ್ನಿ."

ಆಯ್ತು ಎಂದು ತಲೆಯಾಡಿಸಿದ. ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ?

ಮರುದಿನ ಬೋರ್ಡಿನ ಕೋಣೆಯ ಹೊರಗೆ ಬೆಂಚಿನ ಮೇಲೆ ಅವಳು ಕೂತಳು, ಎದ್ದಳು, ಮತ್ತೆ ಕೂತಳು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹಿರಿಯ ಡಾಕ್ಟರಮ್ಮ ನೋವಿನ ಬಗ್ಗೆ ಕೇಳಿದ್ದಕ್ಕೆಲ್ಲ ಅವನು ಎದೆಯುಬ್ಬಿಸಿ ನಿಂತು ಪರವಾಗಿಲ್ಲ ಮೇಡಂ, ಅಷ್ಟೇನಿಲ್ಲ ಮೇಡಂ ಎಂದು ಒಪ್ಪಿಸುತ್ತಿದ್ದ. ಅಯ್ಯೋ ದೇವರೇ, ಮುಗಿಯಿತು ನಮ್ಮ ಕಥೆ ಎಂದುಕೊಂಡಳು. ಡಾಕ್ಟರಮ್ಮ ಬೂಟು ಬಿಚ್ಚಲು ಹೇಳಿದರು. ಅವನು ಬಗ್ಗಲು ಹೋಗಿ ಅರ್ಧದಲ್ಲೇ ನಿಂತ. ಹಣೆಯಲ್ಲಿ ಬೆವರೊಡೆಯಿತು. ಒಂದು ನಿಮಿಷ ಮೇಡಂ ಎಂದ. ಹೆಂಡತಿ ಯಾರ ಅಪ್ಪಣೆಗೂ ಕಾಯದೆ ಒಳಗೆ ನುಗ್ಗಿ, ಅವನ ಮುಂದೆ ಮಂಡಿಯೂರಿದಳು.

"ಬೆಳಿಗ್ಗೆ ನಾನೇ ಹಾಕಿದ್ದು ಮೇಡಂ. ನಾನೇ ಬಿಚ್ತೀನಿ."

ಮೂವರು ಅಧಿಕಾರಿಗಳ ಮುಂದೆ ಅವನ ಮುಖ ನಾಚಿಕೆಯಿಂದ ಕೆಂಪಾಯಿತು. ಡಾಕ್ಟರಮ್ಮ ಅವನನ್ನು ಮಂಚದ ಮೇಲೆ ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ಒಂದು ಸೂಜಿ ತೆಗೆದುಕೊಂಡರು. ಪಾದಕ್ಕೆ ಚುಚ್ಚುತ್ತೇನೆ, ಗೊತ್ತಾದರೆ ಹೇಳು ಎಂದರು. ಬಲಗಾಲಿಗೆ ಚುಚ್ಚಿದಾಗ ಕಾಲು ಕೊಸರಿದ. ಆಮೇಲೆ ಎಡಗಾಲಿನ ಸರದಿ ಬಂತು.

"ಈಗ ಗೊತ್ತಾಯ್ತಾ?"

"ಗೊತ್ತಾಯ್ತು ಮೇಡಂ."

ಸೂಜಿ ಇನ್ನೂ ಡಾಕ್ಟರಮ್ಮನ ಕೈಯಲ್ಲೇ ಇತ್ತು. ಕಾಲಿಗೆ ತಾಕಿರಲೇ ಇಲ್ಲ. ಬೆನ್ನಿನ ಸಂಗತಿಯೆಲ್ಲ ತನಗೆ ಗೊತ್ತೆಂದು ಹೆಂಡತಿ ತಿಳಿದಿದ್ದಳು. ಕಾಲು ಜೋಮು ಹಿಡಿದು ಸತ್ತಿರುವುದನ್ನು ಅವಳಿಗೂ ಹೇಳಿರಲಿಲ್ಲ ಪುಣ್ಯಾತ್ಮ.

"ರೀ, ಕಣ್ಣು ಬಿಟ್ಟು ನೋಡಿ," ಎಂದಳು.

ಅವನು ನೋಡಿದ. ಸೂಜಿಯನ್ನೂ ನೋಡಿದ, ಅವಳ ಮುಖವನ್ನೂ ನೋಡಿದ.

"ಇಲ್ಲ ಮೇಡಂ. ಆ ಕಾಲಿಗೆ ಏನೂ ಗೊತ್ತೇ ಆಗಲ್ಲ," ಎಂದ. ಮಾತು ಡಾಕ್ಟರಮ್ಮನಿಗೆ, ಕಣ್ಣು ಹೆಂಡತಿಯ ಮೇಲೆ.

ಯಾವಾಗಿನಿಂದ ಎಂದು ಡಾಕ್ಟರಮ್ಮ ಕೇಳಿದರು. ಬಿದ್ದ ದಿನದಿಂದ ಎಂದ. ಅವರು ಪೆನ್ನು ತೆಗೆದುಕೊಂಡು, ಪೆಟ್ಟು ಸೇವೆಯಲ್ಲಿ ಆದದ್ದು, ದೊಡ್ಡದು ಎಂದು ಬರೆಯತೊಡಗಿದರು. ಅವನ ಬೂಟನ್ನು ಮಡಿಲಲ್ಲಿಟ್ಟುಕೊಂಡು ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.