ಆ ಅರ್ಧ ಎಲ್ಲಿಂದ ಬಂತು?

ಅಣ್ಣನ ಮಗಳು ಹನ್ನೊಂದನೆಯ ಕ್ಲಾಸಿಗೆ ಬಂದಾಗ ಅವಳಿಗೆ ಫಿಸಿಕ್ಸ್ ಹೇಳಿಕೊಡುವ ಕೆಲಸ ನನ್ನ ತಲೆಗೆ ಬಿತ್ತು. ಮನೆಯಲ್ಲಿ ಬಿ.ಎಸ್ಸಿ. ಮಾಡಿದವಳು ನಾನೊಬ್ಬಳೇ. ಆಮೇಲಿಂದ ಮಲಾಡಿನ ಆಫೀಸೊಂದರಲ್ಲಿ ಇನ್ಶೂರೆನ್ಸ್ ಫೈಲು ತಿರುವುತ್ತಾ ಎಲ್ಲ ಮರೆತಿದ್ದೇನೆಂದರೆ ಅಣ್ಣ ಕೇಳಲಿಲ್ಲ. ಭಾನುವಾರ ಬಂತೆಂದರೆ ವಡಾಲದ ಅವನ ಮನೆಗೆ ಹೋಗಬೇಕಾಯಿತು.

ಲೆಕ್ಕ ಸುಲಭದ್ದೇ. ನಿಂತ ಗಾಡಿ ಹೊರಡುತ್ತದೆ. ಅದರ ವೇಗ ಸೆಕೆಂಡಿಗೆ ಎರಡು ಮೀಟರಿನಂತೆ ಏರುತ್ತಾ ಹೋಗುತ್ತದೆ. ಹತ್ತು ಸೆಕೆಂಡಿನಲ್ಲಿ ಎಷ್ಟು ದೂರ ಸಾಗಿತು? ಹುಡುಗಿ ಕೊನೆಯ ವೇಗ ಇಪ್ಪತ್ತನ್ನು ಹತ್ತರಿಂದ ಗುಣಿಸಿ ಇನ್ನೂರು ಎನ್ನುತ್ತಿದ್ದಳು. ಏರುವ ಎರಡನ್ನು ಹತ್ತರ ವರ್ಗದಿಂದ ಗುಣಿಸಿ ಅರ್ಧ ಮಾಡು ಎನ್ನುತ್ತದೆ ಫಾರ್ಮುಲಾ; ಸರಿಯುತ್ತರ ನೂರು.

"ಅತ್ತೆ, ಫಾರ್ಮುಲಾದಲ್ಲಿ ಆ ಹಾಫ್ ಯಾಕೆ? ಕಹಾಂ ಸೆ ಆಯಾ?"

ಗ್ರಾಫ್ ಬರೆದೆ, ತ್ರಿಕೋನ ತೋರಿಸಿದೆ. ಮತ್ತೆ ಇನ್ನೂರು! ನಾನು ಪೆನ್ನು ಕುಕ್ಕಿದೆ. "ನಿನ್ನ ತಲೆಯಲ್ಲಿ ಎಂತ ಉಂಟು ಮಾರಾಯ್ತಿ?"

ಅವಳ ಕಣ್ಣು ತುಂಬಿತು. ನನಗೇ ಕೆಡುಕೆನಿಸಿ, ಅವಳನ್ನು ಸ್ಟೇಷನ್ನಿಗೆ ಕರೆದೊಯ್ದೆ. ಲೋಕಲ್ ರೈಲೊಂದು ಬಂದು ನಿಂತಿತ್ತು.

"ಈಗ ಸ್ಪೀಡ್ ಎಷ್ಟು?"

"ಝೀರೋ."

ಗಾಡಿ ಹೊರಟಿತು. ಮೊದಮೊದಲು ಪ್ಲಾಟ್‌ಫಾರ್ಮಿನಲ್ಲಿದ್ದ ಹೆಂಗಸೊಬ್ಬಳು ಕಿಟಕಿಯೊಳಗಿನವರ ಜೊತೆ ಮಾತಾಡುತ್ತಲೇ ನಡೆದಳು. ಆಮೇಲೆ ಓಡಿದಳು. ಕಡೆಗೆ ಹಿಂದುಳಿದಳು.

ಹುಡುಗಿ ನನ್ನ ತೋಳು ಹಿಡಿದೆಳೆದಳು. "ಶುರುವಲ್ಲಿ ಸ್ಲೋ ಇತ್ತಲ್ಲ! ಟ್ವೆಂಟಿ ಲಾಸ್ಟಿಗೆ ಮಾತ್ರ. ಝೀರೋ ಔರ್ ಟ್ವೆಂಟಿ, ನಡುವಿನದ್ದು ಟೆನ್. ಟೆನ್ ಇಂಟು ಟೆನ್!"

ಅಲ್ಲೇ ಅವಳನ್ನು ಅಪ್ಪಿಕೊಂಡೆ.

ಕಾಲೇಜಿನ ಪರೀಕ್ಷೆಯಲ್ಲಿ ಅಂಥದೇ ಲೆಕ್ಕ ಬಂತು. ಸರಾಸರಿ ವೇಗ ಹಿಡಿದು ಸರಿಯುತ್ತರ ಬರೆದಳು. ಅದರ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ಸೊನ್ನೆ. ನನಗೆ ಮೈಯೆಲ್ಲ ಉರಿಯಿತು. ರಜೆ ಹಾಕಿ ಕಾಲೇಜಿಗೆ ಹೋದೆ.

"ವೇಗ ಒಂದೇ ಸಮನೆ ಏರುವಾಗ ಈ ದಾರಿ ತಪ್ಪೇ ಸರ್?" ಎಂದು ಹಿಂದಿಯಲ್ಲಿ ಕೇಳಿದೆ.

ಮೇಷ್ಟರು ಉತ್ತರಪತ್ರಿಕೆಗಳ ರಾಶಿಯಿಂದ ತಲೆಯೆತ್ತಿದರು. "ಸಹೀ ಹೈ, ಮೇಡಮ್. ಲೇಕಿನ್ ಫಾರ್ಮುಲಾ ನಹೀಂ ಲಿಖಾ. ಬೋರ್ಡ್ ಮೇಂ ಭೀ ಮಾರ್ಕ್ಸ್ ಕಟೇಂಗೆ." ದಾರಿ ಸರಿಯೇ, ಆದರೆ ಫಾರ್ಮುಲಾ ಬರೆಯದಿದ್ದರೆ ಬೋರ್ಡ್ ಪರೀಕ್ಷೆಯಲ್ಲೂ ಮಾರ್ಕ್ಸ್ ಕಳೆಯುತ್ತಾರಂತೆ.

"ಅವಳಿಗೆ ಅರ್ಥವಾಗಿದೆಯಲ್ಲ?"

"ಅರ್ಥಕ್ಕೆ ಕಾಲಮ್ ಇಲ್ಲ" ಎಂದು ಹಿಂದಿಯಲ್ಲೇ ಹೇಳಿ ಮುಂದಿನ ಪೇಪರು ಎಳೆದುಕೊಂಡರು. ಸೊನ್ನೆ ಸೊನ್ನೆಯಾಗಿಯೇ ಉಳಿಯಿತು.

ಗೇಟಿನ ಹೊರಗೆ ಹುಡುಗಿ ಕಾಯುತ್ತಿದ್ದಳು. "ಛೋಡೋ ಅತ್ತೆ. ನಂಗೆ ಗೊತ್ತಾಗಿದೆ, ಸಾಕು. ಪೇಪರಲ್ಲಿ ಅವ್ರಿಗೆ ಬೇಕಾದ್ದೇ ಬರೀತೇನೆ."

ಮುಂದಿನ ಪರೀಕ್ಷೆಯಲ್ಲಿ ಹಾಗೆಯೇ ಬರೆದಳು, ಒಳ್ಳೆಯ ಮಾರ್ಕ್ಸೂ ಬಂತು. ನಾನು ಮಾತ್ರ ಕಾಲೇಜಿಗೆ ಹೋದ ಆ ದಿನ ವಾಪಸಾಗುತ್ತ ಅಂಧೇರಿಯಲ್ಲಿ ಗಾಡಿ ಬದಲಿಸುವಾಗಲೂ ಮೇಷ್ಟರೊಡನೆ ಮನಸ್ಸಿನಲ್ಲೇ ಜಗಳವಾಡುತ್ತಿದ್ದೆ.