ಕಲ್ಪನಾ ಕಟ್ಟಿದ ಮನೆಗೆ ಹಾಲು ಉಕ್ಕಿಸಿದ್ದು

ಚನ್ನಗಿರಿಯಲ್ಲಿ ಬಸ್‌ಸ್ಟ್ಯಾಂಡ್ ದಾಟಿ ಮುಂದೆ ಹೋದರೆ ಜೆರಾಕ್ಸ್ ಅಂಗಡಿಗಳ ಸಾಲು ಸಿಗುತ್ತದೆ. ಅದರಲ್ಲಿ ಹಸಿರು ಶೆಟರಿನ ಅಂಗಡಿ ನನ್ನ ತಮ್ಮನ ಹೆಂಡತಿ ಕಲ್ಪನಾಳದು. ಪಹಣಿ ತೆಗೆಸುವವರು, ಮಕ್ಕಳ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕುವವರು ಬೆಳಗ್ಗೆಯಿಂದ ಊಟದ ಹೊತ್ತಿನವರೆಗೂ ನಿಂತಿರುತ್ತಾರೆ. ಊಟದ ಮೇಲೆ ಜನ ಕಮ್ಮಿ. ಆಗ ಅವಳು ಕಂಪ್ಯೂಟರಿನಲ್ಲಿ ಮನೆ ಕಟ್ಟುತ್ತಾಳೆ.

ನಾನು ನೆಲದ ಮೇಲೆ ಮನೆ ಕಟ್ಟುವವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಹೋದೆ, ಈಗ ಮೇಸ್ತ್ರಿ. ಅವಳು ಕಟ್ಟುವುದನ್ನು ಮೊದಲು ನೋಡಿದಾಗ ನನಗೆ ಸಿಟ್ಟೇ ಬಂತು. ಕಂಬ ಇಲ್ಲದೆ ಮಹಡಿ ನಿಂತಿತ್ತು. ಮೇಲೆ ಲಿಂಟಲ್ ತೊಲೆ ಇಲ್ಲದೆ ಬಾಗಿಲು ಕೂತಿತ್ತು. ಇದು ಬೀಳುತ್ತದೆ ಅಂದೆ. ಬೀಳಲ್ಲ ಭಾವ, ಇಲ್ಲಿ ಯಾವ ಮನೆಯೂ ಬೀಳಲ್ಲ ಅಂದಳು. ಬೀಳದಿರುವ ಮನೆ ಕಟ್ಟಾಕೆ ಮೇಸ್ತ್ರಿ ಯಾಕೆ ಬೇಕು ಅಂತ ಬೈದು ಟೀ ಕುಡಿದು ಎದ್ದು ಬಂದೆ.

ಅದೊಂದು ಆಟ. ಅದರೊಳಗೆ ಅಂಗೈಯಷ್ಟು ಎತ್ತರದ ಮನುಷ್ಯರಿರುತ್ತಾರೆ. ಅವರ ಮುಖ, ಬಟ್ಟೆ, ಮನೆ ಎಲ್ಲ ನಾವೇ ಮಾಡಬೇಕು. ಮಾಡಿ ಬಿಟ್ಟರೆ ಅವರು ಅಡಿಗೆ ಮಾಡುತ್ತಾರೆ, ಮಲಗುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಜಗಳ ಆಡುತ್ತಾರೆ, ವಯಸ್ಸಾಗಿ ಸಾಯುತ್ತಾರೆ. ಹೀಗೆ ಮಾಡು ಅಂತ ನಾವು ಹೇಳಬಹುದು. ಹೇಳದಿದ್ದರೆ ಅವರಿಗೆ ತೋಚಿದ್ದು ಮಾಡುತ್ತಾರೆ. ಕಲ್ಪನಾ ಅದನ್ನೆಲ್ಲ ವಿಡಿಯೋ ಮಾಡಿ, ತನ್ನ ದನಿಯಲ್ಲಿ ಕಥೆ ಹೇಳಿ ಯೂಟ್ಯೂಬಿಗೆ ಹಾಕುತ್ತಿದ್ದಳು. ಅತ್ತೆ ಸೊಸೆ ಕಥೆ, ಓಡಿಹೋದ ಹುಡುಗಿಯ ಕಥೆ. ಹೊನ್ನಾಳಿ, ನ್ಯಾಮತಿ ಕಡೆಯ ಹೆಂಗಸರು ಸುಮಾರು ಜನ ನೋಡುತ್ತಿದ್ದರು. ಅವಳ ತವರು ಸೂರಗೊಂಡನಕೊಪ್ಪದ ಹತ್ತಿರ. ಅಲ್ಲಿ ಅಡಿಕೆ ಸುಲಿಯುವ ಹೆಂಗಸರು ಫೋನನ್ನು ಬುಟ್ಟಿಗೆ ಒರಗಿಸಿಟ್ಟುಕೊಂಡು ಕೇಳುತ್ತಿದ್ದರಂತೆ.

ಕಥೆಗಿಂತ ಮೊದಲು ತಯಾರಿ. ಅದು ಮದುವೆ ಮನೆ ಕೆಲಸದ ಹಾಗೆ ಮುಗಿಯುವುದೇ ಇಲ್ಲ. ಅಡಿಗೆಮನೆ, ತುಳಸಿಕಟ್ಟೆ, ಸೀರೆಯ ಅಂಚು, ಗೋಡೆ ಮೇಲಿನ ಫೋಟೋ, ಎಲ್ಲ ಹುಡುಕಿ ಕೂರಿಸಬೇಕು. ತಯಾರಿ ಜಾಸ್ತಿಯಾದರೆ ಕಥೆ ಗೊಂಬೆ ಕೂರಿಸಿದಂತೆ ಆಗುತ್ತದೆ, ಯಾರೂ ಅಲ್ಲಾಡುವುದಿಲ್ಲ ಅನ್ನುತ್ತಿದ್ದಳು. ತಯಾರಿ ಇಲ್ಲದೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಜಗಳೂರಿನ ಆಶಾ ಸಾಕ್ಷಿ. ಆಶಾನೂ ಇಂಥವೇ ಕಥೆ ಮಾಡುತ್ತಾಳೆ. ಇವರಿಬ್ಬರಿಗೂ ಫೋನಿನಲ್ಲೇ ಸ್ನೇಹ, ಮುಖ ನೋಡಿಕೊಂಡವರಲ್ಲ. ಆಶಾ ಏನೂ ಸಿದ್ಧ ಮಾಡದೆ ಆಟ ಬಿಡುತ್ತಾಳೆ. ಒಮ್ಮೆ ಅವಳ ಕಥೆಯಲ್ಲಿ ನಿಶ್ಚಿತಾರ್ಥದ ಹೊತ್ತಿಗೆ ಮದುಮಗಳು ಎದ್ದು ಹೋಗಿ ಈಜುಕೊಳದಲ್ಲಿ ಈಜುತ್ತಾ ಇದ್ದಳಂತೆ. ಬೀಗರು ಫ್ರಿಜ್ಜಿನ ಮುಂದೆ ನಿಂತಿದ್ದರಂತೆ. ಆಶಾ ಅದನ್ನೇ ಕಥೆ ಮಾಡಿ ಹಾಕಿದಳು. ಕಲ್ಪನಾಳ ಕಥೆಗಿಂತ ಅದನ್ನೇ ಜಾಸ್ತಿ ಜನ ನೋಡಿದರು. ಕಲ್ಪನಾ ಅವತ್ತು ನಕ್ಕಿದ್ದು ನನಗೆ ನೆನಪಿದೆ. ಓಂಕಾರ ಆಗ ಇದ್ದ.

ಓಂಕಾರ ನನ್ನ ತಮ್ಮ, ಅವಳ ಗಂಡ. ಹೋದ ವರ್ಷ ಚಳಿಗಾಲದಲ್ಲಿ ಅಡಿಕೆ ಒಣಹಾಕಿದ ಕಣದ ಅಂಚಿನಲ್ಲಿ ಕೂತವನು ಏಳಲಿಲ್ಲ. ಹಾರ್ಟು ಅಂದರು. ಮಕ್ಕಳಿರಲಿಲ್ಲ. ನಲ್ಲೂರಿನ ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ಕಲ್ಪನಾ ಅಳಲಿಲ್ಲ. ನಮ್ಮ ಅವ್ವ ಬೊಮ್ಮಕ್ಕನೂ ಅಳಲಿಲ್ಲ. ಅಳಬೇಕಾದವರು ಅಳಲಿಲ್ಲವಲ್ಲ ಅಂತ ಊರಿನವರು ಆಡಿಕೊಂಡರು. ನನಗೂ ಏನೂ ಆಗಲಿಲ್ಲ. ಏನೋ ಆಗಬೇಕಿತ್ತು, ಆಗಲಿಲ್ಲ. ಬಂದವರಿಗೆ ಊಟಕ್ಕೆ ಎಲೆ ಸಾಲುತ್ತದಾ ಅಂತ ನೋಡುತ್ತಾ ತಿರುಗಾಡಿದೆ.

ಕಾರ್ಯ ಮುಗಿದ ಮೇಲೆ ಕಲ್ಪನಾ ಅಂಗಡಿ ತೆಗೆದಳು. ಆಟದಲ್ಲಿ ಹೊಸ ಮನೆ ಶುರು ಮಾಡಿದಳು. ಓಂಕಾರ ಬೇರೆ ಮನೆ ಕಟ್ಟಬೇಕು ಅಂತ ಹೇಳಿಕೊಂಡು ತಿರುಗುತ್ತಿದ್ದ, ಕಟ್ಟಲಿಲ್ಲ. ಇವಳು ಅದನ್ನು ಅಲ್ಲಿ ಕಟ್ಟಿದಳು. ಮುಂದೆ ಪಡಸಾಲೆ, ಮರದ ಕಂಬ, ಅಡಿಗೆಮನೆ ಕಿಟಕಿಗೆ ರೇಷ್ಮೆ ಪರದೆ. ಕಟ್ಟಿ ಕೆಡವಿದಳು, ಮತ್ತೆ ಕಟ್ಟಿದಳು. ಕಥೆ ಮಾತ್ರ ಶುರುವಾಗಲಿಲ್ಲ. ಮನೆ ನೋಡಿ ಸಾಕಾಯ್ತು ಅಕ್ಕಾ, ಜನ ಯಾವಾಗ ಬರ್ತಾರೆ ಅಂತ ನೋಡುವವರು ಕೇಳಿ ಕೇಳಿ ಸುಮ್ಮನಾದರು.

ನಾನೂ ಕೇಳಿದೆ. ಅದಕ್ಕೆ ಅವಳು ಹೇಳಿದ್ದು ಇಷ್ಟು.

"ಕಟ್ಟೋ ಹೊತ್ತಿನಾಗೆ ಅಲ್ಲಿ ಗಡಿಯಾರ ನಿಂತಿರ್ತದೆ ಭಾವ. ಕಥೆ ಶುರು ಮಾಡಿದ್ರೆ ಓಡ್ತದೆ."

ಓಡಿದರೆ ಏನು ಅಂದೆ. ವಯಸ್ಸಾಗ್ತದೆ, ಹೋಗ್ತಾರೆ ಅಂದಳು. ಆಮೇಲೆ ಯಾರದೋ ಪಹಣಿ ಪ್ರಿಂಟ್ ಕೊಟ್ಟು ಚಿಲ್ಲರೆ ಎಣಿಸಿದಳು.

ಅವ್ವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಬಂದ ದಿನ ಅಂಗಡಿಯಲ್ಲಿ ಕೂರಿಸಿ ನಾನು ಸಿಮೆಂಟಿನ ಅಂಗಡಿಗೆ ಹೋದೆ. ವಾಪಸ್ಸು ಬಂದಾಗ ಅವ್ವ ಕಂಪ್ಯೂಟರಿಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಳು. ತೆರೆಯ ಮೇಲೆ, ಆ ಮನೆಯ ಅಂಗಳದಲ್ಲಿ ಒಬ್ಬ ಗಂಡಸು, ಚೌಕಳಿ ಅಂಗಿ, ಹಿಂದಕ್ಕೆ ಸರಿದ ಹಣೆ. ನಡೆಯಲು ಎತ್ತಿದ ಕಾಲು ಎತ್ತಿದ ಹಾಗೇ ನಿಂತಿತ್ತು. ಇವನು ನಮ್ಮ ಓಂಕಾರ ಅಲ್ಲೇನೇ ಅಂತ ಅವ್ವ ಕೇಳಿದ್ದಳಂತೆ. ಕಲ್ಪನಾ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ.

ಅವತ್ತಿನಿಂದ ಅವ್ವನಿಗೆ ಅದೇ ಆಯಿತು. ಸಂಜೆ ಕಲ್ಪನಾ ಬಸ್ಸಿಳಿದು ಮನೆಗೆ ಬಂದರೆ, ಒಳಗೆ ಹೋದನಾ ಅಂತ ಕೇಳುವಳು. ಇಲ್ಲ ಅತ್ತೆ, ಇನ್ನೂ ಕಿಟಕಿ ಆಗಿಲ್ಲ. ಇನ್ನೂ ಜಗಲಿ ಆಗಿಲ್ಲ. ಹೊರಗೆ ನಿಂತೇ ಇದಾನಾ? ನಿಂತಿದಾನೆ. ಅವ್ವ ತಟ್ಟೆಯ ರೊಟ್ಟಿ ಮುರಿದು ಮುರಿದು ಹಾಗೇ ಬಿಟ್ಟು ಏಳುವಳು. ಅವನು ಮನೆಯೊಳಗೆ ಕಾಲಿಡುವುದನ್ನು ಒಂದು ಸಲ ನೋಡಿದರೆ ಸಾಕು, ಆಮೇಲೆ ನಾನು ಏನೂ ಕೇಳಲ್ಲ ಅಂತ ನನ್ನ ಹತ್ತಿರ ಹೇಳಿದಳು. ಅವ್ವ ಸೊರಗುತ್ತಾ ಬಂದಳು. ಕಲ್ಪನಾ ಗಡಿಯಾರ ಓಡಲು ಬಿಡಲೊಲ್ಲಳು. ನಾನು ನಡುವೆ.

ಒಂದು ದಿನ ಅಂಗಡಿಯಲ್ಲಿ ಜನರ ಎದುರಿಗೇ ಕೂಗಾಡಿದೆ. ಪ್ಲಾಸ್ಟರ್ ಮಾಡಿ ನೀರು ಹಾಕಿ ನಾವೂ ಕಾಯ್ತೀವಿ, ಆದರೆ ಮನೆ ಯಜಮಾನನನ್ನು ತಿಂಗಳುಗಟ್ಟಲೆ ಅಂಗಳದಾಗೆ ಒಂಟಿಕಾಲಿನಲ್ಲಿ ನಿಲ್ಲಿಸಲ್ಲ ಅಂದೆ. ಜೆರಾಕ್ಸಿಗೆ ಬಂದಿದ್ದವನು ನಕ್ಕ. ಅವನಿಗೂ ಬೈದೆ. ಕಲ್ಪನಾ ಕಾಗದ ಜೋಡಿಸಿದಳು. ಆಮೇಲೆ ಆಶಾ ಫೋನಿನಲ್ಲಿ ಅದನ್ನೇ ಮೆತ್ತಗೆ ಹೇಳಿದಳಂತೆ: ನೀನು ಕಟ್ಟಿದ್ದೇ ಆಯ್ತು, ಆಟದ್ದೂ ಒಂದು ಮಾತು ಕೇಳು.

ಅವನ ಗೃಹಪ್ರವೇಶಕ್ಕೆ ಅವ್ವ ಶ್ರಾವಣದ ಸೋಮವಾರ ಗೊತ್ತು ಮಾಡಿದಳು. ಬೇಡ ಅನ್ನಲು ಕಲ್ಪನಾಳಿಗೆ ಬಾಯಿ ಬರಲಿಲ್ಲ.

ಊಟದ ಹೊತ್ತು ಕಳೆದ ಮೇಲೆ ಶೆಟರ್ ಅರ್ಧ ಇಳಿಸಿದೆವು. ಅವ್ವ ಕಂಪ್ಯೂಟರಿನ ನೆತ್ತಿಗೆ ವಿಭೂತಿ ಹಚ್ಚಿದಳು, ಊದುಬತ್ತಿ ಹಚ್ಚಿದಳು. ಕಾಯಿ ಒಡೆಯಲು ಹೋದಳು. ನೀರು ವೈರಿನ ಮೇಲೆ ಬೀಳ್ತದೆ ಅಂತ ನಾನು ಕಾಯಿ ಹೊರಗೆ ಒಯ್ದು ಮೆಟ್ಟಿಲ ಮೇಲೆ ಒಡೆದೆ. ಕಲ್ಪನಾ ಆ ದಿನದ ಮನೆಯ ಒಂದು ಪ್ರತಿ ಎತ್ತಿಟ್ಟುಕೊಂಡಳು. ಎಡವಟ್ಟಾದರೆ ಮತ್ತೆ ಇಲ್ಲಿಂದ ಶುರು ಮಾಡಬಹುದು ಅಂದಳು. ಗಡಿಯಾರ ಬಿಟ್ಟಳು.

ಎತ್ತಿದ ಕಾಲು ನೆಲಕ್ಕೆ ಬಂತು. ಅವನು ಬೆನ್ನು ಕೆರೆದುಕೊಂಡು ನಡೆದು ಹೊಸ್ತಿಲು ದಾಟಿದ. ಬಲಗಾಲಾ ಎಡಗಾಲಾ ಅಂತ ಅವ್ವ ಕೇಳಿದಳು. ಬಲಗಾಲೇ ಅಂದೆ. ನಾನು ನೋಡಿರಲಿಲ್ಲ. ಒಳಗೆ ಹೋಗಿ ಮಂಚದ ಮೇಲೆ ಕೂತು ಏನೋ ಮಾತಾಡಿದ. ಏನಂತಾನೆ ಅಂದಳು ಅವ್ವ. ಅದು ಅವರದೇ ಭಾಷೆ ಅತ್ತೆ, ಯಾರಿಗೂ ತಿಳಿಯಲ್ಲ.

"ಬದುಕಿದ್ದಾಗ್ಲೂ ಹಂಗೇ ಗೊಣಗ್ತಿದ್ದ ಬಿಡು," ಅಂದಳು ಅವ್ವ.

ಇನ್ನು ಹಾಲು. ಹೊಸ ಮನೆಯಲ್ಲಿ ಮೊದಲು ಹಾಲು ಉಕ್ಕಬೇಕು, ಅದು ಇಲ್ಲದೆ ಗೃಹಪ್ರವೇಶ ಅಲ್ಲ. ಆಟದಲ್ಲಿ ಬರೀ ಹಾಲು ಕಾಯಿಸುವುದು ಇಲ್ಲ ಅಂತ ಕಲ್ಪನಾ ಹೇಳಿದಳು. ಪಾತ್ರೆ ಇಟ್ಟು ಬೇಯಿಸುವುದು ಯಾವುದಾದರೂ ಇಡಿಸು, ಅದೇ ಹಾಲು ಅಂದುಕೊಳ್ಳೋಣ ಅಂದಳು ಅವ್ವ. ಒಲೆ ಹಚ್ಚಬೇಕಾದವಳು ಮನೆಯ ಹೆಂಗಸು. ಆ ಮನೆಯಲ್ಲಿ ಹೆಂಗಸು ಇರಲಿಲ್ಲ, ಅವನೊಬ್ಬನೇ. ಅವನೇ ಇಟ್ಟ. ಸ್ವಲ್ಪ ಹೊತ್ತಿಗೆ ಪಾತ್ರೆ ಇಳಿಸಲು ಕೈ ಹಾಕಿದ. ಬೇಡ, ಉಕ್ಕೋಕೆ ಮುಂಚೆ ಇಳಿಸಬಾರದು, ಉಕ್ಕಲಿ ಅಂತ ಅವ್ವ ಅವಸರಿಸಿದಳು. ಕಲ್ಪನಾ ಅವನನ್ನು ಒಲೆ ಬಿಟ್ಟು ಮೂಡಣ ಬಾಗಿಲಿಗೆ ಹೋಗಿ ನಿಲ್ಲು ಅಂತ ಕಳಿಸಿದಳು. ಅವನು ಹೋಗಿ ನಿಂತ. ನಾವು ಮೂವರೂ ಪಾತ್ರೆ ನೋಡುತ್ತಾ ಕೂತೆವು.

ಮೊದಲು ಹೊಗೆ ಬಂತು. ಉಕ್ಕಿತು ಅಂತ ಅವ್ವ ಕೈ ಮುಗಿದಳು. ಆಮೇಲೆ ಬೆಂಕಿ. ಕಿಟಕಿಯ ಪರದೆ ಹತ್ತಿಕೊಂಡಿತು, ಮರದ ಕಪಾಟು ಹತ್ತಿಕೊಂಡಿತು. ನೀರು ಹಾಕಿಸು ಅಂತ ನಾನು ಕೂಗಿದೆ. ಬೆಂಕಿ ಆರಿಸುವ ಸಾಮಾನು ಇಟ್ಟಿಲ್ಲ, ಕೂಗುವ ಬೆಲ್ಲೂ ಇಟ್ಟಿಲ್ಲ, ಗೋಡೆ ಮೇಲೆ ಚೆಂದ ಕಾಣಲ್ಲ ಅಂತ ಬಿಟ್ಟಿದ್ದೆ ಅಂದಳು ಕಲ್ಪನಾ. ಅವನಿಗೆ ಅಡಿಗೆ ಕಲಿಸಿರಲೂ ಇಲ್ಲ. ಅಷ್ಟು ತಿಂಗಳ ತಯಾರಿಯಲ್ಲಿ ನೋಡುವವರಿಗೆ ಬೇಕಾದ್ದೆಲ್ಲ ಇತ್ತು, ಆ ಮನೆಯಲ್ಲಿ ಬದುಕುವವನಿಗೆ ಬೇಕಾದ್ದು ಇರಲಿಲ್ಲ. ಹೊರಗೆ ಹೋಗು ಅಂತ ಅವಳು ಮೌಸ್ ಒತ್ತಿದಳು. ಅವನು ಹೊರಗೆ ಹೋಗಲಿಲ್ಲ. ಒಳಗೇ ಓಡಿಬಂದು ಬೆಂಕಿಯ ಮುಂದೆ ನಿಂತು ಕೈ ಬೀಸಿದ. ಬಿದ್ದ.

ಕರಿ ಬಟ್ಟೆ ಹೊದ್ದ ಒಬ್ಬ ಬಂದು ನಿಂತ. ಯಾರು ಇವನು ಅಂದಳು ಅವ್ವ. ಕರಕೊಂಡು ಹೋಗಾಕೆ ಬಂದವನು ಅತ್ತೆ. ಮನೆಯಲ್ಲಿ ಇನ್ನೊಬ್ಬರು ಇದ್ದರೆ ಅವನ ಕಾಲಿಗೆ ಬಿದ್ದು ಬೇಡಿಕೊಳ್ಳಬಹುದು, ಒಂದೊಂದು ಸಲ ಬಿಟ್ಟು ಹೋಗ್ತಾನೆ ಅಂತ ಕಲ್ಪನಾ ಹೇಳಿದಳು. ಪಾಠ ಒಪ್ಪಿಸುವ ಹಾಗೆ ಹೇಳಿದಳು.

ಅವ್ವ ಅವಳ ಕಡೆ ತಿರುಗಿದಳು.

"ನೀನೆಲ್ಲಿ? ನಿನ್ನ ಯಾಕೆ ಮಾಡಿಲ್ಲ ಅಲ್ಲಿ?"

"ನನಗೆ ಸೀರೆ ಆರಿಸೋದು ಮುಗಿದಿರಲಿಲ್ಲ ಅತ್ತೆ."

ಕರಿ ಬಟ್ಟೆಯವನು ಕೆಲಸ ಮುಗಿಸಿ ಹೋದ. ಆ ಮನೆಯಲ್ಲಿ ಇನ್ನು ಯಾರೂ ಇಲ್ಲ ಅಂತ ಆಟ ಹೇಳಿತು.

ಎತ್ತಿಟ್ಟ ಪ್ರತಿ ಐತಲ್ಲ, ಅಲ್ಲಿಂದ ಶುರು ಮಾಡು, ಪರದೆ ಕಿತ್ತುಹಾಕು, ಹಾಲು ಗೀಲು ಏನೂ ಬೇಡ ಅಂದೆ ನಾನು. ಆಗುತ್ತೆ, ಒಂದು ಸಲ ಒತ್ತಿದರೆ ಆಯ್ತು, ಅವನು ಮತ್ತೆ ಅಂಗಳದಲ್ಲಿ ನಿಂತಿರ್ತಾನೆ ಅಂದಳು. ಕೈ ಮೌಸಿನ ಮೇಲೇ ಇತ್ತು. ಒತ್ತಲಿಲ್ಲ. ಅವ್ವನ ಮುಖ ನೋಡಿದಳು.

"ಬ್ಯಾಡ," ಅಂದಳು ಅವ್ವ. "ಒಳಗೆ ಹೋಗಿದ್ದು ನೋಡಿದೆ. ಎಬ್ಬಿಸಿ ಎಬ್ಬಿಸಿ ಕಳಿಸಬ್ಯಾಡ ಅವನನ್ನ."

ಸುಟ್ಟ ಅಡಿಗೆಮನೆಯ ನೆಲದ ಮೇಲೆ ಸಣ್ಣದೊಂದು ಮಡಕೆ ಇತ್ತು. ಅದರೊಳಗೆ ಅವನ ಬೂದಿ ಅಂತೆ. ಅದನ್ನು ಕೇಳಿದ ಮೇಲೆ ಅವ್ವನಿಗೆ ಬೇರೆ ಯಾವುದೂ ಕಾಣಲಿಲ್ಲ. ನಮ್ಮೋರನ್ನ ಮಣ್ಣಿಗೆ ಇಡ್ತಾರೆ, ಮಡಕೆಗೆ ಹಾಕಿ ಮನೆಯೊಳಗೆ ಇಟ್ಟುಕೊಳ್ಳಲ್ಲ, ತೆಗಿ ಅದನ್ನ ಅಂದಳು. ಕಲ್ಪನಾ ಮಡಕೆಯನ್ನು ಎಳೆದು ಹಿತ್ತಿಲಿಗೆ ತಂದಳು. ಹೊರಗೆ ಬಂದ ಕೂಡಲೇ ಅದು ತಾನಾಗಿ ಸಮಾಧಿ ಕಲ್ಲಾಯಿತು. ಆಟದಲ್ಲೇ ಹಾಗಿದೆಯಂತೆ. ಅವ್ವ, ಹೂಂ ಈಗ ಸರಿ ಅಂದಳು. ಪಕ್ಕಕ್ಕೆ ಒಂದು ಬಿಲ್ವದ ಗಿಡ ಕೇಳಿದಳು. ಆಟದಲ್ಲಿ ಬಿಲ್ವ ಇರಲಿಲ್ಲ. ಕಲ್ಪನಾ ಮೂರೆಲೆಯದು ಯಾವುದೋ ಗಿಡ ಹುಡುಕಿ ಇಟ್ಟಳು.

ಆಮೇಲೆ ಒಬ್ಬ ಹೆಂಗಸನ್ನು ಮಾಡಿದಳು. ನನಗೆ ಗೊತ್ತಿದ್ದ ಹಾಗೆ ಅವಳು ಒಂದು ಮೂಗು ಮಾಡಲು ಒಂದು ಮಧ್ಯಾಹ್ನ ತೆಗೆದುಕೊಳ್ಳುವವಳು. ಇದನ್ನು ಟೀ ಆರುವಷ್ಟರಲ್ಲಿ ಮುಗಿಸಿದಳು. ಮುಖ ಅವಳ ಹಾಗೆ ಇರಲಿಲ್ಲ, ಯಾರ ಹಾಗೂ ಇರಲಿಲ್ಲ. ಸೀರೆ ಪಟ್ಟಿಯಲ್ಲಿ ಮೊದಲು ಕಂಡದ್ದು, ಕಂದು ಬಣ್ಣದ್ದು. ಅಡಿಗೆಮನೆ ರಿಪೇರಿ ಮಾಡಲಿಲ್ಲ. ಮಸಿ ಹಿಡಿದ ಗೋಡೆ ಹಾಗೇ ಬಿಟ್ಟಳು. ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಒಂದನ್ನು ಮಾತ್ರ ಒಲೆ ಪಕ್ಕ ನಿಲ್ಲಿಸಿದಳು. ಗಡಿಯಾರ ಬಿಟ್ಟಳು.

ಹೆಂಗಸು ಮನೆ ತುಂಬ ಓಡಾಡಿದಳು. ಅವ್ವ ಅವಳಿಂದ ಏನೂ ಮಾಡಿಸಲಿಲ್ಲ, ಕಲ್ಪನಾನೂ ಮಾಡಿಸಲಿಲ್ಲ. ಅವಳೇ ಹೋಗಿ ಫ್ರಿಜ್ಜಿನಲ್ಲಿದ್ದದ್ದು ತೆಗೆದು ನಿಂತೇ ತಿಂದಳು. ತಟ್ಟೆಯನ್ನು ನೆಲದ ಮೇಲೆ ಇಟ್ಟು ಹಿತ್ತಿಲ ಕಡೆ ಹೋಗಿ ಕಲ್ಲನ್ನು ನೋಡಿದಳು. ಪರಿಚಯ ಇಲ್ಲದವಳು ಅಲ್ಲೇನು ನೋಡುತ್ತಾಳೋ. ಕಲ್ಪನಾ ಫೋನ್ ಬಾಯಿ ಹತ್ತಿರ ಹಿಡಿದು ರೆಕಾರ್ಡ್ ಒತ್ತಿದಳು. ಈ ಮನೆಯಲ್ಲಿ ಮೊದಲು ಒಬ್ಬರು ಇದ್ದರು ಅಂತ ಶುರು ಮಾಡಿದಳು. ದನಿ ಒಡೆಯಲಿಲ್ಲ. ಪಹಣಿಯ ಸರ್ವೆ ನಂಬರು ಓದಿ ಹೇಳುವ ದನಿ ಅದು. ಅವರ ಹೆಸರು ಈಗ ಬಂದವಳಿಗೆ ಗೊತ್ತಿರಲಿಲ್ಲ ಅಂದಳು. ಮುಂದಿನ ಮಾತು ಹುಡುಕುತ್ತಾ ನಿಂತಳು. ತೆರೆಯ ಮೇಲೆ ಆ ಹೆಂಗಸು ಕಲ್ಲು ಬಿಟ್ಟು ಒಳಗೆ ಬಂದು, ಬಟ್ಟೆ ಬದಲಾಯಿಸಿ, ಕೆಲಸಕ್ಕೆ ಹೊರಟಳು. ಕಲ್ಪನಾ ಅದನ್ನೇ ನೋಡಿ ಹೇಳಿದಳು: ಅವಳು ಕೆಲಸಕ್ಕೆ ಹೊರಟಳು.

ನಾನು ಒಡೆದ ಕಾಯಿಯ ಒಂದು ಹೋಳು ಕೆತ್ತಿ ಅವ್ವನಿಗೆ ಕೊಟ್ಟೆ. ತಿಂದಳು. ತಿನ್ನುತ್ತಾ ತೆರೆ ನೋಡುತ್ತಿದ್ದಳು.

"ವಾಪಸ್ ಬಂದು ಏನ್ ಮಾಡ್ತಾಳೆ ಇವಳು?"

"ಗೊತ್ತಿಲ್ಲ ಅತ್ತೆ. ನೋಡಬೇಕು."

ಹೊರಗೆ ಯಾರೋ ಶೆಟರ್ ಬಡಿದು ಜೆರಾಕ್ಸ್ ಆಗ್ತದಾ ಅಂದರು. ಕಲ್ಪನಾ ಗಡಿಯಾರ ನಿಲ್ಲಿಸದೆ, ಒಂದು ನಿಮಿಷ ನಿಲ್ಲಿರಿ ಅಂದಳು.