ಅಂಕಣದ ಹೊರಗೆ ಕೂರಿಸಿದ ತಂಗಿ

ಬಸ್ ಡಿಪೋದ ಟೈರ್ ವಿಭಾಗದಲ್ಲಿದ್ದ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಹಗಲೆಲ್ಲ ಗಾಳಿ ತುಂಬುವುದು, ಪಂಕ್ಚರ್ ಹಾಕುವುದು. ಸಂಜೆಯಾದರೆ ಡಿಪೋದ ಹಿಂದಿನ ಖಾಲಿ ಜಾಗದಲ್ಲಿ ನೆಟ್ ಕಟ್ಟಿ ಹೆಂಗಸರ ವಾಲಿಬಾಲ್ ತಂಡಕ್ಕೆ ತರಬೇತಿ. ಒಂದು ಕಾಲಕ್ಕೆ ಅವಳೂ ಒಳ್ಳೆಯ ಆಟಗಾರ್ತಿಯೇ. ಭುಜದ ಕೀಲು ತಪ್ಪಿದ ಮೇಲೆ ಬಲಗೈ ತಲೆಗಿಂತ ಮೇಲೇಳುತ್ತಿರಲಿಲ್ಲ.

ಒಡಹುಟ್ಟಿದವಳು ಎಂದು ಅವಳಿಗಿದ್ದವಳು ಒಬ್ಬಳೇ, ಕಂಡಕ್ಟರ್ ಆಗಿದ್ದ ತಂಗಿ. ತಾಯಿ ಹೋದ ಮೇಲೆ ಇಬ್ಬರೂ ಒಂದೇ ಕೋಣೆಯಲ್ಲಿ ಬದುಕುತ್ತಿದ್ದರು. ತಂಗಿ ಜಿಗಿದು ಹೊಡೆದಳೆಂದರೆ ಎದುರಿನವರು ಕಣ್ಣು ಮುಚ್ಚಿಕೊಳ್ಳಬೇಕು, ಅಂಥ ಹೊಡೆತ. ಆದರೆ ಕೋಪ ಮೂಗಿನ ತುದಿಯಲ್ಲೇ. ಬಸ್ಸು ತೊಳೆಯುವ ಕುಳ್ಳಿ ತಂಡ ಸೇರಿದ ಮೇಲಂತೂ ಕೇಳುವುದೇ ಬೇಡ. ಅವಳು ಒಂದು ಚೆಂಡು ಬಿಟ್ಟರೆ ಸಾಕು, ತಂಗಿ ರೇಗುವಳು, “ನಿನಗೆ ಬಸ್ ತೊಳೆಯೋದೇ ಲಾಯಕ್ಕು, ಹೋಗು!” ಬರಬರುತ್ತಾ ಕುಳ್ಳಿ ಚೆಂಡು ಕಂಡರೆ ಪಕ್ಕಕ್ಕೆ ಸರಿಯತೊಡಗಿದಳು.

ಊಟಕ್ಕೆ ಕೂತಾಗ ಅಕ್ಕ ಹೇಳಿ ನೋಡಿದಳು. “ಅವಳಿಗೆ ಬೈಬೇಡ ಕಣೇ. ಹೆದರಿದವರ ಕೈಗೆ ಚೆಂಡು ಸಿಗಲ್ಲ.”

“ಗೆಲ್ಲಿಸ್ತಿರೋದು ನಾನು. ಬೇಕಾದ್ರೆ ಅವಳನ್ನೇ ತೆಗೆದುಬಿಡು.”

ಅಕ್ಕ ಅದನ್ನೂ ಹೊಟ್ಟೆಗೆ ಹಾಕಿಕೊಂಡಳು.

ಡಿಪೋಗಳ ಪಂದ್ಯಾವಳಿಯ ಫೈನಲ್. ಕುಳ್ಳಿಯ ಕೈಜಾರಿ ಚೆಂಡು ಹೊರಗೆ ಹಾರಿತು. ತಂಗಿ ಎಲ್ಲರೆದುರೇ ಅವಳ ಭುಜ ಹಿಡಿದು ನೂಕಿದಳು. ಅಕ್ಕ ಎದ್ದು ಆಟಗಾರ್ತಿಯ ಬದಲಾವಣೆ ಕೇಳಿದಳು. ತನ್ನನ್ನೇ ತೆಗೆದರೆಂದು ಕುಳ್ಳಿ ತಲೆ ತಗ್ಗಿಸಿ ಹೊರಟೇಬಿಟ್ಟಿದ್ದಳು. ಆದರೆ ರೆಫರಿ ಕರೆದದ್ದು ತಂಗಿಯನ್ನು.

“ನನ್ನನ್ನಾ? ಅಕ್ಕಾ, ತಲೆ ಕೆಟ್ಟಿದೆಯಾ?”

“ಬಂದು ಕೂತ್ಕೋ.”

ಆಮೇಲೆ ತಂಡ ಬೇರೆಯೇ ಥರ ಆಡಿತು. ‘ನಂದು, ನಂದು’ ಎಂದು ಕೂಗಿಕೊಳ್ಳುತ್ತಾ, ಬಿದ್ದವಳನ್ನು ಎಬ್ಬಿಸುತ್ತಾ ಆಡಿದರು. ಆದರೂ ಕೊನೆಯ ಸೆಟ್ಟಿನಲ್ಲಿ ಸೋತರು. “ತಂಗಿ ಮೇಲಿನ ಹಟಕ್ಕೆ ಡಿಪೋ ಮಾನ ಕಳೆದಳು” ಎಂದು ಮ್ಯಾನೇಜರು ಅಕ್ಕನಿಗೆ ಕೇಳಿಸುವಂತೆಯೇ ಅಂದ. ವಾಪಸು ಬರುವಾಗ ವ್ಯಾನಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ.

ಕೋಣೆಯಲ್ಲಿ ತಂಗಿ ಬಟ್ಟೆ ತುಂಬಿಕೊಳ್ಳುತ್ತಿದ್ದಳು. “ಬೇರೆ ಯಾರಾಗಿದ್ರೂ ನೀನು ಪಕ್ಕಕ್ಕೆ ಕರೆದು ಹೇಳ್ತಿದ್ದೆ. ನಾನು ತಂಗಿ, ಕೇಳೋರಿಲ್ಲ ಅಂತ ತಾನೇ ಮಾನ ಹರಾಜು ಹಾಕಿದ್ದು?”

‘ಬೇರೆಯವಳಾಗಿದ್ದರೆ ಮೊದಲ ವಾರವೇ ಕೂರಿಸುತ್ತಿದ್ದೆ. ತಂಗಿ ಎಂದೇ ಇಷ್ಟು ದಿನ ಕುಳ್ಳಿ ಬೈಸಿಕೊಳ್ಳುವುದನ್ನು ನೋಡುತ್ತಾ ನಿಂತೆ.’ ಅಕ್ಕನ ನಾಲಿಗೆಯ ತುದಿವರೆಗೆ ಬಂದ ಮಾತು ಅಲ್ಲೇ ನಿಂತಿತು. ತಂಗಿ ಡಿಪೋದ ಹಾಸ್ಟೆಲ್ಲಿಗೆ ಹೋದಳು. ಆಮೇಲೆ ಅಕ್ಕ ಭಾನುವಾರವೂ ಕೆಲಸ ಕೇಳಿ ಪಡೆಯತೊಡಗಿದಳು. ಟೈರುಗಳ ನಡುವೆ ಗಾಳಿ ತುಂಬುವ ಕಂಪ್ರೆಸರಾದರೂ ಗಡಗಡ ಅನ್ನುತ್ತಿತ್ತು. ಆ ಕೋಣೆಯಲ್ಲಿ ಅದೂ ಇರಲಿಲ್ಲ.

ಎಷ್ಟೋ ತಿಂಗಳ ಮೇಲೆ ಒಂದು ಸಂಜೆ ತಂಗಿ ಅಂಕಣದ ಗೆರೆಯ ಹೊರಗೆ ಬಂದು ನಿಂತಳು. “ಆಡಬಹುದಾ ಮೇಡಂ?”

ಆ ‘ಮೇಡಂ’ ಕೆನ್ನೆಗೆ ಬಾರಿಸಿದಂತಿತ್ತು. “ಹಿಂದಿನ ಸಾಲಿಗೆ ಹೋಗು,” ಎಂದಳು ಅಕ್ಕ. ತಂಗಿ ಹೋಗಿ ನಿಂತಳು. ಮೊದಮೊದಲು ಬಾಯಿ ಬಿಗಿಹಿಡಿದು ಆಡಿದಳು. ಕ್ರಮೇಣ ಕುಳ್ಳಿಗೆ ಚೆಂಡು ತಡೆಯುವುದನ್ನು ತಾನೇ ಮಂಡಿಯೂರಿ ಕೂತು ತೋರಿಸಿಕೊಡತೊಡಗಿದಳು.

ಮರುವರ್ಷದ ಫೈನಲ್ ತಮ್ಮದೇ ಡಿಪೋದಲ್ಲಿ ನಡೆಯಿತು. ಗೆದ್ದರು. ಕುಳ್ಳಿಯನ್ನು ಹೆಗಲ ಮೇಲೆ ಹೊತ್ತವರಲ್ಲಿ ತಂಗಿಯೇ ಮುಂದು. ಮ್ಯಾನೇಜರು ಬಂದು ಅಕ್ಕನ ಕೈಕುಲುಕಿದ.

ಗದ್ದಲ ಇಳಿದ ಮೇಲೆ ಅಕ್ಕ ಮೆಲ್ಲಗೆ ಕೇಳಿದಳು, “ಮನೆಗೆ ಬರ್ತೀಯೇನೇ?”

ತಂಗಿ ಒಂದು ಗಳಿಗೆ ಅವಳ ಮುಖ ನೋಡಿದಳು. “ಹುಡುಗೀರು ಕಾಯ್ತಿದಾರೆ, ಮೇಡಂ.”

“ಹೂಂ, ಹೋಗು. ಬೆವರು ಒರೆಸ್ಕೋ, ಶೀತ ಆಗುತ್ತೆ.”

ಎಲ್ಲರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು, ನಗುತ್ತಾ ಗೇಟು ದಾಟಿದರು. ಅವರು ಬೀದಿ ತಿರುಗುವವರೆಗೂ ನಿಂತಿದ್ದು, ಅಕ್ಕ ಎಡಗೈಯಲ್ಲಿ ನೆಟ್ಟಿನ ಗಂಟು ಬಿಚ್ಚತೊಡಗಿದಳು.